ಕತ್ತರಿಸಿದ ನಾಲ್ಕು ಸಾಲು

ಪತ್ರಿಕೆಯಲ್ಲಿ ಓದುಗರ ಪತ್ರಗಳನ್ನು ನೋಡಿಕೊಳ್ಳುವ ಉಪಸಂಪಾದಕನನ್ನು ಕಚೇರಿಯಲ್ಲಿ ಎಲ್ಲರೂ ಕತ್ತರಿಯಣ್ಣ ಎನ್ನುತ್ತಿದ್ದರು. ಎಂಥ ಉದ್ದದ ಪತ್ರವನ್ನೂ ಅಂಗೈಯಗಲಕ್ಕೆ ಇಳಿಸುವುದರಲ್ಲಿ ಅವನದು ಎತ್ತಿದ ಕೈ. ಸುದ್ದಿಯನ್ನು ಕತ್ತರಿಸುವಂತೆ ಪತ್ರವನ್ನೂ ಕೊನೆಯಿಂದಲೇ ಕತ್ತರಿಸುತ್ತಿದ್ದ. ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲು ಬರುತ್ತದೆ. ಪತ್ರ ಬರೆಯುವವರು ಮನಸ್ಸಿನ ಮಾತನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ. ಇಪ್ಪತ್ತು ವರ್ಷ ಕತ್ತರಿ ಆಡಿಸಿದವನಿಗೆ ಇಷ್ಟು ಹೊಳೆಯಲಿಲ್ಲ ಎಂದರೆ ಏನು ಹೇಳೋಣ.

ಪ್ರವೇಶ ಪರೀಕ್ಷೆಯಲ್ಲಿ ದೊಡ್ಡವರ ಮಕ್ಕಳಿಗೆ ಅಂಕ ಏರಿಸುತ್ತಾರೆ ಎಂದು ವಿಶ್ವವಿದ್ಯಾಲಯದ ಕಿರಿಯ ಅಧ್ಯಾಪಕಿಯೊಬ್ಬಳು ಅದೇ ಪತ್ರಿಕೆಯಲ್ಲಿ ಲೇಖನ ಬರೆದಳು. ಅದಕ್ಕೆ ಆಕ್ಷೇಪ ಬರೆದವರು ಒಬ್ಬ ನಿವೃತ್ತ ಪ್ರಾಧ್ಯಾಪಕರು, ಅವಳಿಗೂ ಕತ್ತರಿಯಣ್ಣನಿಗೂ ಪಾಠ ಹೇಳಿದ ಮೇಷ್ಟ್ರು. ಆಧಾರ ಸಾಲದು, ಅವಸರದ ಬರಹ ಎಂದು ಎರಡು ಪುಟ ತರಾಟೆಗೆ ತೆಗೆದುಕೊಂಡಿದ್ದರು. ಕೊನೆಯ ನಾಲ್ಕು ಸಾಲಿಗೆ ಜಾಗವಿರಲಿಲ್ಲ.

ವಾರದೊಳಗೆ ವಿಶ್ವವಿದ್ಯಾಲಯ ಅಚ್ಚಾದ ಆ ಪತ್ರವನ್ನೇ ಸಾಕ್ಷಿಯಾಗಿಟ್ಟು, ಅವಳನ್ನು ಕೆಲಸದಿಂದ ತೆಗೆಯಲು ವಿಚಾರಣೆ ಹೂಡಿತು. ಸುದ್ದಿ ತಿಳಿದ ಕೂಡಲೇ ಕತ್ತರಿಯಣ್ಣ ಖಾನೆಯಿಂದ ಮೂಲ ಪತ್ರ ತೆಗೆದು ಆ ನಾಲ್ಕು ಸಾಲು ಓದಿದ: "ಆದರೂ ಬರಹಕ್ಕೆ ಉತ್ತರ ಬರಹವೇ ಹೊರತು ಆದೇಶವಲ್ಲ. ಇದಕ್ಕಾಗಿ ಈಕೆಯ ಕೆಲಸ ಕಿತ್ತುಕೊಂಡರೆ, ಈಕೆಯ ಪಕ್ಕ ನಿಲ್ಲುವವರಲ್ಲಿ ನಾನು ಮೊದಲಿಗ."

"ಪತ್ರ ಕತ್ತರಿಸೋ ಹಕ್ಕು ನಮಗಿದೆ ಅಂತ ದಿನಾ ಅಚ್ಚು ಹಾಕ್ತೀವಲ್ಲಯ್ಯ," ಎಂದರು ಸಂಪಾದಕರು. "ತಿದ್ದುಪಡಿ ಬೇಕಿದ್ರೆ ಬರೆದವರೇ ಕೇಳಲಿ."

ಅವನು ಮೇಷ್ಟ್ರ ಮನೆಗೆ ಹೋದ. ಮೇಜಿನ ತುಂಬ ಅಭಿನಂದನೆಯ ಪತ್ರಗಳು. ಹತ್ತು ವರ್ಷ ಯಾರೂ ತಿರುಗಿ ನೋಡದ ಮನುಷ್ಯನ ಬಾಗಿಲಿಗೆ ಕುಲಪತಿಗಳೇ ಬಂದು ಹೋಗಿದ್ದರು.

"ಹಾಗೇ ಇರ್ಲಿ ಬಿಡೋ," ಎಂದರು ಮೇಷ್ಟ್ರು. "ನೀನು ಕತ್ತರಿಸಿದ್ಮೇಲೇ ಪತ್ರಕ್ಕೆ ಕಳೆ ಬಂದಿದ್ದು."

"ಸರ್, ಆ ಸಾಲು ನಿಮ್ಮವು."

"ಬರೆಯೋವಾಗ ನನ್ನವೇ."

ಗುರುಗಳ ಎದುರು ಹೆಚ್ಚು ಮಾತಾಡಿ ಅಭ್ಯಾಸವಿಲ್ಲ. ಅವನು ಎದ್ದು ಬಂದ. ಆದರೆ ವಿಚಾರಣೆಯ ದಿನ, ಕೆಲಸ ಹೋದರೆ ಹೋಗಲಿ ಎಂದು ಮೂಲ ಪತ್ರವನ್ನು ಸಮಿತಿಯ ಮುಂದಿಟ್ಟು, ತಪ್ಪು ನನ್ನದು ಎಂದ. ಸಾಕ್ಷಿಯಾಗಿ ಬಂದಿದ್ದ ಮೇಷ್ಟ್ರ ಕೈಗೆ ಅಧ್ಯಕ್ಷರು ಅದನ್ನು ಕೊಟ್ಟರು.

"ಅಕ್ಷರ ನಿಮ್ಮದಾ?"

"ನಂದೇ."

"ಕೊನೇ ಮಾತಿಗೆ ಈಗ್ಲೂ ಬದ್ಧರಾ?"

ಮೇಷ್ಟ್ರು ಕನ್ನಡಕ ಒರೆಸಿದರು. ಅಧ್ಯಾಪಕಿ ಅವರನ್ನೇ ನೋಡುತ್ತಿದ್ದಳು. ಅವರು ಅವಳ ಕಡೆ ತಿರುಗಲಿಲ್ಲ.

"ಅಚ್ಚಾಗಿರೋದೇ ನನ್ನ ಅಭಿಪ್ರಾಯ," ಎಂದರು.

ಸಮಿತಿ ಪತ್ರವನ್ನು ಬೇಡವೆಂದು ಹಿಂದಿರುಗಿಸಿತು. ಸಂಜೆಯ ಹೊತ್ತಿಗೆ ಅವಳ ಕೆಲಸ ಹೋಯಿತು. ಕತ್ತರಿಯಣ್ಣ ಕಾರಿಡಾರಿನಲ್ಲಿ ಅವಳಿಗಾಗಿ ಕಾದು ನಿಂತಿದ್ದ.

"ಕ್ಷಮಿಸಮ್ಮ. ಎಲ್ಲ ನನ್ನಿಂದಲೇ ಆಗಿದ್ದು."

ಅವಳು ಕೈ ಚಾಚಿ ಪತ್ರ ಇಸಿದುಕೊಂಡು, ನಿಂತಲ್ಲೇ ಮೊದಲ ಸಾಲಿನಿಂದ ಓದಿದಳು.

"ಬೈದಿರೋದೆಲ್ಲ ಸರಿಯಾಗೇ ಇದೆ. ಆಧಾರ ಇನ್ನೂ ಬೇಕಿತ್ತು," ಎಂದಳು. ಪತ್ರ ಮಡಿಸುತ್ತ ಕೇಳಿದಳು, "ಇದನ್ನ ನಾನೇ ಇಟ್ಕೊಳ್ಳಲಾ ಅಣ್ಣಾ? ನಮಗೆ ಅಂಥಾ ಮೇಷ್ಟ್ರು ಒಬ್ರು ಇದ್ರು ಅನ್ನೋದಕ್ಕೆ ನನ್ನ ಹತ್ರ ಬೇರೆ ಆಧಾರ ಇಲ್ಲ."