ಬಾನೆಟ್ ಮೇಲಿನ ಸಂಡಿಗೆ

ವಾಸನೆ ಇಲ್ಲ, ಅಂದರೆ ಇದೆ, ಮುಂದಿನ ಬಸ್ಸಿನ ಡೀಸೆಲ್ಲು, ಮಡಿವಾಳ ಮಾರ್ಕೆಟ್ಟಿನ ಕೊಳೆತ ಕೋಸು, ಪಕ್ಕದಲ್ಲಿ ಕೂತ ತಾತನ ನಶ್ಯ, ಆದರೆ ಅದಿಲ್ಲ, ವೈರು ಕರಗುವ ಆ ಸುಟ್ಟ ವಾಸನೆ, ರೇವಂತ ಮೂಗರಳಿಸಿ ಇನ್ನೊಮ್ಮೆ ಎಳೆದುಕೊಂಡ — ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಇಪ್ಪತ್ತು ನಿಮಿಷ, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇನ್ನೂ ನಡುವಿನಲ್ಲೇ, ಏರಬೇಡ ಕಣೋ, ಏರಿದರೆ ನಾಳೆಯೇ ಕಾರು ಗುಜರಿಗೆ, ತಾತ ತಿಮ್ಮರಾಯಪ್ಪ ಆಡಿದರೆ ಆಡಿದ ಹಾಗೆಯೇ, ಅದಕ್ಕೇ ತಾನೇ ಖುದ್ದು ಸಾಕ್ಷಿಗೆ ಕೂತಿದ್ದಾನೆ, ಒಂಬತ್ತನೇ ಕ್ಲಾಸು ಬಿಟ್ಟೋನು ಇಂಜಿನ್ ರಿಪೇರಿ ಮಾಡ್ತಾನಂತೆ, ನೋಡೇ ಬಿಡಣ ನಡಿ — ಬಿಟ್ಟದ್ದು ಹೌದು, ಮೇಷ್ಟ್ರು ಬೆಂಚು ಹತ್ತಿಸಿದ ದಿನವೇ ಬ್ಯಾಗು ಬಿಸಾಕಿ ಬಂದದ್ದು, ನೆನೆದರೆ ಈಗಲೂ ಮೈ ಉರಿಯುತ್ತದೆ, ಆದರೆ ಇಂಜಿನ್ನಿನ ಹೊಗೆ ಹೊರಹೋಗುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಕಿತ್ತು ನಾಲ್ಕು ಕೊಳವೆಯ ಹೆಡರ್ ಕೂರಿಸಿದ್ದು ಯಾರು, ಎಂಥ ಸದ್ದು, ಪುಟ್ಟೇನಹಳ್ಳಿ ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೇ ಎದ್ದಿದ್ದವು — ಎಡವಿದ್ದು ಒಂದೇ ಕಡೆ, ಹಳೆಯದರ ಮೇಲಿದ್ದ ತಗಡನ್ನೂ ಗುಜರಿಯವನಿಗೆ ಕೊಟ್ಟದ್ದು, ತಗಡು ತಾನೇ ಎಂದು, ಬಿಸಿ ತಡೆಯುತ್ತಿದ್ದದ್ದೇ ಆ ತಗಡು ಎಂದು ತಿಳಿಯಲು ಎರಡು ಸಲ ವೈರು ಕರಗಬೇಕಾಯಿತು, ಮನೆಯವರೆಲ್ಲ ಬೈದರು, ಹಿಗ್ಗಿದವಳು ಅಜ್ಜಿ ಒಬ್ಬಳೇ, ಲಕ್ಷ್ಮಿದೇವಮ್ಮ, ತಾರಸಿಯಲ್ಲಿ ಅರೆ ಒಣಗಿದ ಅಕ್ಕಿ ಸಂಡಿಗೆಯನ್ನು ಸಂಜೆ ಹಾಳೆಸಮೇತ ತಂದು ಬಾನೆಟ್ ಮೇಲೆ ಹರವುವಳು, ಹತ್ತೇ ನಿಮಿಷ, ಅಂಚು ಎದ್ದು ಗಲಗಲ, ಬೀದಿಯ ಹೆಂಗಸರೆಲ್ಲ ಆಂಟಿ ನಮ್ದೂ ಒಂದು ತಟ್ಟೆ ಎಂದು ಸಾಲು ನಿಂತಿದ್ದರು, ತನ್ನ ಗಾಡಿ ಒಲೆಯಾಗಿತ್ತು, ಥೂ — ಅದಕ್ಕೇ ಭಾನುವಾರವಿಡೀ ಬಿಸಿ ತಡೆಯುವ ಹೀಟ್ ರ‍್ಯಾಪ್ ಪಟ್ಟಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಒದ್ದೆಯಿದ್ದಾಗಲೇ ಒಂದರ ಮೇಲೊಂದು ಅರ್ಧ ಏರಿಸಿ ಕೊಳವೆಗಳಿಗೆ ಸುತ್ತಿದ್ದು, ಒಣಗಿದಂತೆ ಬಿಗಿಯಲಿ ಎಂದು, ಮೇಲೊಂದು ಹೊಸ ತಗಡು, ಏನೋ ಅದು, ಕಾಲು ಮುರಿದೋರಿಗೆ ಕಟ್ಟೋ ಹಂಗೆ ಕಟ್ತಿದೀಯ, ಅಜ್ಜೀ ಸುಮ್ನಿರು — ಮುಂದಿನ ಬಸ್ಸು ಅಲುಗಿತು, ಕ್ಲಚ್ಚು, ಮೊದಲನೇ ಗೇರು, ಮುಳ್ಳು ಅಲ್ಲೇ, ತಾತ ಕಿಟಕಿಯಾಚೆ ಮುಖ ತಿರುಗಿಸಿ ನಶ್ಯ ಏರಿಸಿದ, ಅದು ಸೋಲುವ ಮೊದಲಿನ ನಶ್ಯ, ಇಸ್ಪೀಟಿನಲ್ಲೂ ಹಾಗೇ, ಬಿಟಿಎಂ ಬಂತು, ಜೇಪಿ ನಗರ ಬಂತು, ಹಸಿರು ದೀಪಗಳೆಲ್ಲ ತನಗೇ ಹೊತ್ತಿಕೊಂಡ ಹಾಗೆ, ಗೇಟು ದಾಟುವುದಕ್ಕಿಲ್ಲ ಅಜ್ಜಿ ಹಾಳೆ ಹಿಡಿದು ಸಿದ್ಧ, ಇಳಿಯೋ ಬೇಗ, ಬಿಸಿ ಆರೋಗತ್ತೆ, ಹರವಿದಳು, ಹತ್ತು ನಿಮಿಷ, ಹದಿನೈದು, ಒಂದನ್ನು ಒತ್ತಿ ನೋಡಿ ಮುಖ ಸಿಂಡರಿಸಿದಳು, ಏನೋ ಬಂತು ನಿನ್ನ ಗಾಡಿಗೆ, ಒಂದು ಸಂಡಿಗೆ ಒಣಗಿಸೋ ಯೋಗ್ಯತೆ ಇಲ್ಲ, ತಾತ ಅಂಗೈ ತಂದು ಬಾನೆಟ್ ಮೇಲಿಟ್ಟ, ತೆಗೆಯಲೇ ಇಲ್ಲ, ಬಿಸ್ಲಲ್ಲೇ ಒಣಗಿಸ್ಕೋ ಹೋಗೇ, ಗಾಡಿ ಸರಿಯಾಗಿದೆ ಎಂದ, ಸರಿಯಾಗಿದೆ, ರೇವಂತ ನಗು ತಡೆಯಲಾರದೆ ತಾನೂ ಒಂದನ್ನು ಒತ್ತಿದ, ಮೆತ್ತಗೆ, ತಣ್ಣಗೆ, ಬೆಳ್ಳಗೆ, ಒಣಗದ ಸಂಡಿಗೆ, ಅದರ ನಡುವೆ ಗ್ರೀಸು ಕಪ್ಪಿನ ತನ್ನ ಹೆಬ್ಬೆರಳ ಗುರುತು.