ಪುಟ್ಟ ಹುಬ್ಬು

ದಕ್ಷಿಣದ ಉತ್ರೇರ ಊರಿನ ಮೆಲ್ಚೋರನ ಬೇಕರಿಯಲ್ಲಿ ಹಿಟ್ಟಿನ ಕೋಣೆಗೆ ಕಿಟಕಿಯಿಲ್ಲ. ಮಧ್ಯಾಹ್ನದ ಊಟ ಮುಗಿದು ಊರೆಲ್ಲ ಕದ ಹಾಕಿಕೊಂಡು ಮಲಗುವ ಹೊತ್ತಿನಲ್ಲಿ ಅವನ ಅಳಿಯ ಎಲಾದಿಯೊ ಆ ಕೋಣೆ ಸೇರುತ್ತಿದ್ದನು. ಮೂಟೆಯ ಮೇಲೆ ಕುಳಿತು, ಗಿಟಾರಿನ ಕತ್ತಿನ ನಾಲ್ಕನೆಯ ಮೆಟ್ಟಿಲಿನಲ್ಲಿ ಎಡಗೈಯ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುತ್ತಿದ್ದನು. ಎರಡು ತಂತಿಗಳು ನುಡಿಯುತ್ತಿದ್ದವು. ಉಳಿದವು ಕೆಮ್ಮುತ್ತಿದ್ದವು.

ಮದುವೆಯಾದ ವರ್ಷವೇ ಆ ಬೆರಳು ಹಿಟ್ಟು ನಾದುವ ಯಂತ್ರದ ಉರುಳೆಗಳ ನಡುವೆ ಸಿಕ್ಕಿತ್ತು. ಗಾಯ ಮಾಯಿತು, ಗೆಣ್ಣು ಮಾತ್ರ ನೆಟ್ಟಗಾಗಲಿಲ್ಲ. ಡೊಂಕು ಕೋಲನ್ನು ಬಾಗಿಲಿಗೆ ಅಗುಳಿ ಹಾಕಿದಂತಾಗಿತ್ತು: ತುದಿಗಳು ತಾಗಿದರೆ ನಡು ತಾಗದು, ನಡುವನ್ನು ಒತ್ತಿದರೆ ತುದಿಗಳು ಏಳುವವು. ಮೆಲ್ಚೋರ್ ಆ ಮಾತನ್ನು ಅಂದಿನಿಂದ ಎತ್ತಿರಲಿಲ್ಲ, ಎಲಾದಿಯೊ ಕೂಡ ಎತ್ತಿರಲಿಲ್ಲ. ಆ ಮನೆಯಲ್ಲಿ ಎತ್ತದ ಮಾತುಗಳೇ ಹೆಚ್ಚು.

ಎಲಾದಿಯೊ ಉತ್ತರದ ಸೋರಿಯದವನು. ಮೆಲ್ಚೋರನ ಮಗಳು ಮಿಲಾಗ್ರೊಸಳ ಕೈಹಿಡಿದು ಬೇಕರಿಯ ಮೇಲಿನ ಮನೆಯಲ್ಲಿ ಉಳಿದವನು. ಮಾವನ ಕೋಣೆಯನ್ನು ದಾಟದೆ ಅವರ ಕೋಣೆಗೆ ದಾರಿಯಿರಲಿಲ್ಲ. ಗಂಡಹೆಂಡಿರು ನಾಲ್ಕು ಮಾತಾಡಬೇಕಾದರೆ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತಬೇಕು. ಸಾನ್ ಹುವಾನ್ ಬೀದಿಯಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿಯಿತ್ತು. ಬೇರೆ ಹೋಗುತ್ತೇವೆಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೇಳಿದರೆ ಮುದುಕ ಜಗಳವಾಡುವವನಲ್ಲ. ಮುರಿಯುತ್ತಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಸುಮ್ಮನಾಗುವವನು. ಆ ಸುಮ್ಮನಿರುವಿಕೆ ವಾರಗಟ್ಟಲೆ ಮೇಜಿನ ಮೇಲೆ ಕುಳಿತಿರುತ್ತಿತ್ತು.

ಒಂದು ದಾರಿ ಮಿಲಾಗ್ರೊಸಳಿಗೆ ಗೊತ್ತಿತ್ತು. ಮೆಲ್ಚೋರ್ ಹಾಡುಗಾರ. "ಅಪ್ಪ ಹಾಡಿದ ದಿನ ಏನು ಕೇಳಿದ್ರೂ ಇಲ್ಲ ಅನ್ನಲ್ಲ. ನಿನ್ನನ್ನ ಮದುವೆ ಆಗ್ತೀನಿ ಅಂತ ಕೇಳಿದ್ದೂ ಅಂಥಾ ದಿನಾನೇ," ಎಂದು ಅವಳು ಮಾಳಿಗೆಯ ಮೇಲೆ ಹೇಳಿದ್ದಳು. ಆದರೆ ಜೊತೆಗೆ ಗಿಟಾರು ನುಡಿಸುತ್ತಿದ್ದ ಹಸಿಂತೊ ತೀರಿಕೊಂಡ ಮೇಲೆ ಮೆಲ್ಚೋರ್ ಹಾಡಲು ಬಾಯಿ ಬಿಟ್ಟಿರಲಿಲ್ಲ. ಹಾಗಾಗಿ ಒಂದು ಭಾನುವಾರ, ಕಡಲೆಯ ಸಾರು ಬಡಿಸುತ್ತ, ಎಲಾದಿಯೊ ಚಿಕ್ಕಂದಿನಲ್ಲಿ ಗಿಟಾರು ಕಲಿತವನೆಂದು ಅವಳು ಹೇಳಿಬಿಟ್ಟಳು.

ಮೆಲ್ಚೋರ್ ಚಮಚ ಕೆಳಗಿಟ್ಟನು. "ಸೋರಿಯದಲ್ಲಿ ಗಿಟಾರು ಬೇರೆ ಇದೆಯಾ? ಬರೀ ಹಿಮ ಬೀಳುತ್ತೆ ಅಂದ್ಕೊಂಡಿದ್ದೆ." ಆಮೇಲೆ ತಟ್ಟೆಯನ್ನೇ ನೋಡುತ್ತ, "ಹಬ್ಬದ ಶನಿವಾರ ಕ್ಲಬ್ಬಿಗೆ ಬಾ. ಒಂದು ಸೊಲೆಯಾ ಹಾಡ್ತೀನಿ. ಸೆಹೀಯ ನಾಲ್ಕರಲ್ಲಿ," ಎಂದನು.

ಸೆಹೀಯ ಎಂದರೆ ಪುಟ್ಟ ಹುಬ್ಬು. ಸೋರಿಯದಲ್ಲಿ ಕಲಿಸಿದ ಸನ್ಯಾಸಿನಿ ಕ್ಲೋತಿಲ್ದೆ ಈ ಹೆಸರನ್ನು ಕೊಟ್ಟದ್ದು ತಂತಿಗಳಿಗೆ ಅಡ್ಡ ಮಲಗುವ ತೋರುಬೆರಳಿಗೆ. ಅಡ್ಡಬೆರಳು ಬೇಡುವ ಫಾ ಸ್ವರಮೇಳ ಬಂದ ವಾರ, ಆ ಬೆರಳು ಮಲಗದೆ ಅರ್ಧ ತರಗತಿ ಕಲಿಕೆ ಬಿಟ್ಟು ಮನೆಗೆ ಹೋಗಿತ್ತು. ತಂತಿಗಳನ್ನು ಒತ್ತಿ ಹಿಡಿಯುವ ಚಿಮ್ಮಟವೊಂದು ಅವರ ಬೀರುವಿನಲ್ಲಿತ್ತು. ಅದನ್ನು ಅವರು ಕಾಪೊ ಎನ್ನುತ್ತಿದ್ದರು, ಕುಂಟರ ಊರುಗೋಲೆಂದು ಬೀಗ ಹಾಕಿ ಇಡುತ್ತಿದ್ದರು.

ಎಲಾದಿಯೊ ಲೆಕ್ಕ ಹಾಕಿದನು. ಸೊಲೆಯಾ ಎಂಬ ಆ ಶೋಕದ ಹಾಡಿಗೆ ಲಾ, ಸೋಲ್, ಫಾ, ಮಿ ಎಂಬ ನಾಲ್ಕು ಸ್ವರಮೇಳಗಳು ಸಾಕು. ಪ್ರತಿಯೊಂದಕ್ಕೂ ನಾಲ್ಕು ಮೆಟ್ಟಿಲು ಕೂಡಿಸಿದರೆ ಮೂರು ಮೇಳಗಳು ಅಡ್ಡಬೆರಳನ್ನು ಕೇಳುತ್ತವೆ. ಮೂರನೆಯದು ಮಾತ್ರ ಕೇಳುವುದಿಲ್ಲ. ಇಳಿಯುತ್ತ ಬಂದು ಆ ಮೂರನೆಯದನ್ನು ಮುಟ್ಟಿದಾಗ ಬೆರಳು, ಜೈಲಿನ ಅಂಗಳಕ್ಕೆ ಬಿಟ್ಟವನಂತೆ, ಒಂದು ಕ್ಷಣ ಗಾಳಿ ಕಾಣುತ್ತಿತ್ತು. ನಾಲ್ಕನೆಯದು ಮತ್ತೆ ಕದ ಮುಚ್ಚುತ್ತಿತ್ತು.

ಸುಲಭದ ದಾರಿಗಳನ್ನೂ ಅವನು ಹುಡುಕಿದನು. ದಪ್ಪ ತಂತಿಗಳನ್ನು ಬಿಟ್ಟು ಕೆಳಗಿನ ಮೂರನ್ನಷ್ಟೇ ಹಿಡಿದನು. ಬೆರಳನ್ನು ಹೊರಳಿಸಿ ಎಲುಬಿನ ಮಗ್ಗುಲಿನಿಂದ ಒತ್ತಿದನು. ಹೆಬ್ಬೆರಳನ್ನು ಹಿಂದಿನಿಂದ ಮೇಲಕ್ಕೆ ಸುತ್ತಿ ತಂದನು. ಒಮ್ಮೆ ಪೆನ್ಸಿಲೊಂದನ್ನು ನಾಲ್ಕನೆಯ ಮೆಟ್ಟಿಲಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದಾಗ ಆರೂ ತಂತಿಗಳು ತಟ್ಟನೆ ನುಡಿದವು. ಎಲಾದಿಯೊ, ಸನ್ಯಾಸಿನಿಯ ಕೈಗೆ ಸಿಕ್ಕವನಂತೆ ಬೆಚ್ಚಿ, ಕದದ ಕಡೆ ನೋಡಿ, ಅದನ್ನು ಕಿತ್ತು ಹಿಟ್ಟಿನೊಳಗೆ ಹೂತನು.

ಬೇರೆ ದಾರಿಯಿದೆಯೇ ಎಂದು ಮಾವನನ್ನು ಕೇಳಬಹುದಿತ್ತು. ಆದರೆ ಕೇಳಿದರೆ ಬೆರಳನ್ನು ತೋರಿಸಬೇಕು, ತೋರಿಸಿದರೆ ಯಂತ್ರದ ಮಾತು ಏಳುತ್ತದೆ, ಅದು ಎದ್ದರೆ ಮುದುಕ ಹಾಡುವುದಿಲ್ಲ, ಹಾಡದಿದ್ದರೆ ಮನೆಯಿಲ್ಲ. ಎಲ್ಲಿಂದ ಕೂಡಿದರೂ ಮೊತ್ತ ಒಂದೇ. ಒಮ್ಮೆ ಒಟ್ಟಿಗೆ ಅಭ್ಯಾಸ ಮಾಡೋಣವೆಂದು ಕೇಳಿದಾಗ ಮೆಲ್ಚೋರ್, "ಬೆಂದ ರೊಟ್ಟೀನ ನಾನು ಮತ್ತೆ ಬೇಯಿಸಲ್ಲ," ಎಂದು ತಿರುಗಿ ಹೋಗಿದ್ದನು.

ಶನಿವಾರ ಬಂದಿತು. ಕ್ಲಬ್ಬಿನ ತಗ್ಗು ಛಾವಣಿಯ ಕೋಣೆಯಲ್ಲಿ ಊರೇ ತುಂಬಿತ್ತು, ಬಾಗಿಲಿನವರೆಗೂ ಜನ. ಎಲಾದಿಯೊ ಎದ್ದು ಹೊರಗೆ ಹೋಗಬೇಕೆಂದರೂ ದಾರಿಯಿರಲಿಲ್ಲ. ಹುಲ್ಲು ಹೆಣೆದ ಎರಡು ಕುರ್ಚಿಗಳಲ್ಲಿ ಮಾವ ಅಳಿಯ ಕುಳಿತರು.

"ಸೆಹೀಯ ಹಾಕು," ಎಂದನು ಮೆಲ್ಚೋರ್.

ಎಲಾದಿಯೊ ಬೆರಳನ್ನು ನಾಲ್ಕನೆಯ ಮೆಟ್ಟಿಲಿನ ಮೇಲೆ ಮಲಗಿಸಿದನು.

"ಹಾಕು ಅಂದೆ."

"ಹಾಕಿದೀನಿ, ಮಾವ."

ಮೆಲ್ಚೋರ್ ತಿರುಗಿ ನೋಡಿದನು. ಮುಂದಿನ ಸಾಲಿನವನೊಬ್ಬ, "ಸೋರಿಯದಲ್ಲಿ ಕಟ್ಟಿಗೆಗೂ ಬರ ಬಂದಿದೆಯೇನಪ್ಪಾ?" ಎಂದಾಗ ಕೋಣೆಯೆಲ್ಲ ನಕ್ಕಿತು. ಮುದುಕ ನಗಲಿಲ್ಲ.

"ಯಾವಾಗಿಂದ ಹೀಗೆ ಒತ್ತುತಾ ಇದೀಯ?"

"ನೀವು ಹೇಳಿದಾಗಿಂದ."

ಮೆಲ್ಚೋರ್ ಆ ಕೈಯನ್ನು ತೆಗೆದು ದೀಪಕ್ಕೆ ಹಿಡಿದನು. ಡೊಂಕು ಬೆರಳಿನ ಮೇಲೆ ತಂತಿ ಕೊರೆದ ಗೆರೆಗಳು. ಗೆಣ್ಣಿನ ಬಳಿ ಚರ್ಮ ಒಡೆದಿತ್ತು. "ನನ್ನ ಯಂತ್ರ ತಿಂದ ಬೆರಳು," ಎಂದನು, ಎಲಾದಿಯೊಗೆ ಮಾತ್ರ ಕೇಳುವಂತೆ. ಆಮೇಲೆ ಒಳಂಗಿಯ ಜೇಬಿನಿಂದ ಸವೆದು ಕಪ್ಪಾದ ಕಟ್ಟಿಗೆಯ ತುಂಡೊಂದನ್ನು ತೆಗೆದನು. ಅದಕ್ಕೊಂದು ಬಿರಡೆ, ಬಿರಡೆಗೆ ನರದ ದಾರ. ಗಿಟಾರಿನ ಕತ್ತಿನ ಹಿಂದಿನಿಂದ ದಾರ ಸುತ್ತಿ ಬಿರಡೆ ತಿರುವಿದರೆ ಕಟ್ಟಿಗೆ ತಾನೇ ಆರು ತಂತಿಗಳನ್ನೂ ಒತ್ತುತ್ತದೆ.

"ಇಲ್ಲಿ ಸೆಹೀಯ ಅಂದ್ರೆ ಇದು ಕಣೋ. ಹಸಿಂತೊಂದು. ಅವನ ಹತ್ತು ಬೆರಳೂ ನೆಟ್ಟಗಿದ್ವು, ಆದ್ರೂ ಇದನ್ನೇ ಹಾಕ್ತಿದ್ದ. ಯಾಕೋ ಒಂದು ಮಾತು ಕೇಳಲಿಲ್ಲ?"

ಎಲಾದಿಯೊ ಅದನ್ನು ನಾಲ್ಕನೆಯ ಮೆಟ್ಟಿಲಿನಲ್ಲಿ ಇಟ್ಟನು. ಬಿರಡೆ ತಿರುವಿದನು. ಈಗ ಲಾ ಸಲೀಸು, ಸೋಲ್ ಸಲೀಸು. ಆದರೆ ಕಟ್ಟಿಗೆ ಬಿದ್ದೊಡನೆ ಲೆಕ್ಕ ತಲೆಕೆಳಗಾಗಿತ್ತು. ಇಷ್ಟು ದಿನ ಅಂಗಳವಾಗಿದ್ದ ಮೂರನೆಯ ಮೇಳವೇ ಈಗ ಫಾ, ಸನ್ಯಾಸಿನಿಯ ಆ ಹಳೆಯ ಬಾಗಿಲು. ರೂಢಿಯಿಂದ ಅವನು ಬೆರಳನ್ನು ಅಡ್ಡ ಹಾಕಿದನು. ತಂತಿಗಳು ಕೆಮ್ಮಿದವು.

ಮೆಲ್ಚೋರ್ ಕಣ್ಣು ಮುಚ್ಚಿಯೇ, "ಅಡ್ಡ ಹಾಕ್ಬೇಡ. ಮೂರು ಬೆರಳು ಸಾಕು. ಕೊನೇ ತಂತಿ ಬಿಡು, ಅದು ಬಿಟ್ಟಿದ್ರೇನೇ ಸೊಲೆಯಾ," ಎಂದನು.

ಎಲಾದಿಯೊ ಬಿಟ್ಟನು. ಹಿಡಿಯದ ಆ ತಂತಿ ಹಿಡಿದವುಗಳಿಗೆ ಉಜ್ಜಿ, ಅವನು ಎಂದೂ ಕೇಳದ ಒಂದು ನೋವು ಎದ್ದಿತು. ಅದರ ಮೇಲೆ ಮುದುಕನ ದನಿ ಏರಿತು.

ಹಾಡು ಮುಗಿದು, ಕೆಂಪೇರಿದ ಮುಖದಲ್ಲಿ ಮೆಲ್ಚೋರ್ ದ್ರಾಕ್ಷಾರಸದ ಲೋಟ ಹಿಡಿದು ನಿಂತಿದ್ದಾಗ, ಮಿಲಾಗ್ರೊಸ್ ಬಾಗಿಲ ಬಳಿಯಿಂದ ಗಂಡನತ್ತ ಹುಬ್ಬು ಏರಿಸಿದಳು.

"ಮಾವ, ಸಾನ್ ಹುವಾನ್ ಬೀದೀಲಿ ಒಂದು ಮನೆ ಖಾಲಿ ಇದೆ," ಎಂದನು ಎಲಾದಿಯೊ.

"ಗೊತ್ತು. ನೀವು ಮಾಳಿಗೆ ಮೇಲೆ ಮಾತಾಡಿದ್ದೆಲ್ಲ ಹೊಗೆಗೂಡಲ್ಲಿ ಕೆಳಗೆ ಇಳಿಯುತ್ತೆ." ಮುದುಕ ಒಂದು ಗುಟುಕು ಕುಡಿದನು. "ಹೋಗಿ. ಆ ಬೀದಿಯಿಂದ ಶನಿವಾರ ಶನಿವಾರ ಇಲ್ಲಿಗೆ ನಡ್ಕೊಂಡು ಬರೋಕೆ ಏನೂ ದೂರ ಇಲ್ಲ."

ಹೀಗೆಂದು ಕಟ್ಟಿಗೆಯ ತುಂಡನ್ನು ಅಳಿಯನ ಜೇಬಿಗೆ ತುರುಕಿ, ಮೇಲಿನಿಂದ ಗುಂಡಿ ಹಾಕಿದನು.

ಮನೆಗೆ ನಡೆಯುವಾಗ ಎಲಾದಿಯೊ ಗುಂಡಿ ಬಿಚ್ಚಿ ಕೈ ಒಳಗಿಟ್ಟನು. ಡೊಂಕು ಬೆರಳು ಕಟ್ಟಿಗೆಯ ಸುತ್ತ ಸರಿಯಾಗಿ ಕೂತಿತು. ಮುಂದೆ ಮಾವ ನಡೆಯುತ್ತಿದ್ದನು, ಈಗಾಗಲೇ ಬರುವ ಶನಿವಾರದ ಹಾಡನ್ನು ಗುನುಗುತ್ತ.