ಕತ್ತಿನ ಹೊಲಿಗೆ

ಇಪ್ಪತ್ತಾರು ವರ್ಷ ನನಗೆ ಬೇಟೆಯ ಬುತ್ತಿ ಕಟ್ಟಿಕೊಟ್ಟ ನನ್ನ ಹೆಂಡತಿ ಲವಾನ್, ಆ ನವೆಂಬರ್‌ನಲ್ಲಿ ತಾನೂ ಬರುತ್ತೇನೆಂದು ಬಂದಳು. ಮೊದಲ ದಿನವೇ ಹತ್ತು ಕವಲಿನ ಕೊಂಬಿದ್ದ ಗಂಡು ಜಿಂಕೆಯನ್ನು ಒಂದೇ ಗುಂಡಿಗೆ ಕೆಡವಿದಳು. ಅಷ್ಟು ದೊಡ್ಡ ಕೊಂಬು ನನಗೆ ಈ ಜನ್ಮದಲ್ಲಿ ಸಿಕ್ಕಿಲ್ಲ.

ನಾನು ಓಡಿಹೋಗಿ ಚಾಕು ತೆಗೆದು ಅದರ ಕತ್ತು ಕೊಯ್ದೆ. ರಕ್ತ ಬಸಿಯಲೆಂದು ನನ್ನಪ್ಪ ಹಾಗೆ ಮಾಡುತ್ತಿದ್ದ.

"ಆರ್ಡನ್, ಬೇಡ! ತಲೆ ಗೋಡೆಗೆ ಹಾಕಿಸ್ಬೇಕು" ಎಂದು ಅವಳು ಕೂಗಿದಳು.

"ನಂಗೇ ಹೇಳ್ಕೊಡ್ತೀಯಾ?" ಎಂದು ರೇಗಿ, ಇನ್ನಷ್ಟು ಆಳಕ್ಕೆ ಎಳೆದೆ. ಬಸಿಯಲು ರಕ್ತವೇ ಇರಲಿಲ್ಲ. ಗುಂಡು ಎದೆಗೆ ಬಿದ್ದು ರಕ್ತವೆಲ್ಲ ಆಗಲೇ ಒಳಗೆ ಬಸಿದಿತ್ತು.

ಸತ್ತ ಪ್ರಾಣಿಯ ಚರ್ಮ ತುಂಬಿ ತಲೆಗೆ ಜೀವಂತ ರೂಪ ಕೊಡುವವನೊಬ್ಬ ನಮ್ಮ ಪೇಟೆಯಲ್ಲೇ ಇದ್ದ. ನಾವು ಒಯ್ದಿದ್ದ ಚರ್ಮದ ಗಂಟು ಬಿಚ್ಚಿಯೂ ನೋಡದೆ, "ಮೂರು ವಾರಕ್ಕೆ ಬನ್ನಿ" ಎಂದ. ಏನೂ ಕೇಳಲಿಲ್ಲವಲ್ಲ, ನನಗೆ ಅವನು ಹಿಡಿಸಿದ. ಲವಾನ್ ಅವನ ಗೋಡೆಯ ತಲೆಗಳನ್ನು ಒಂದೊಂದಾಗಿ ನೋಡಿದಳು.

"ಎಲ್ಲಾ ನಿನ್ನ ತಮ್ಮ ಡೆಲ್ಬರ್ಟ್ ಕುಡ್ದಾಗ ನೋಡ್ದಂಗೆ ನೋಡ್ತಿವೆ. ನಡಿ."

ಕೆರೆಯಾಚೆ ಅದೇ ಕಸುಬಿನ ಟೆಸ್ಮರ್ ಎಂಬ ಮುದುಕನ ಅಂಗಡಿ. ಅಲ್ಲಿನ ಜಿಂಕೆಗಳ ಕಣ್ಣಂಚಿನಲ್ಲಿ ಈಗಷ್ಟೇ ಒಸರಿದಂಥ ತೇವ. ಮೂಗಿಗೆ ಬೆರಳು ತಾಗಿಸಿದರೆ ಉಸಿರು ಬಿಟ್ಟೀತು ಅನ್ನಿಸುತ್ತಿತ್ತು. ಲವಾನ್ ಅಲ್ಲೇ ನಿಂತುಬಿಟ್ಟಳು. ಒಂದು ವರ್ಷ ಆಗುತ್ತದೆ ಎಂದ ಮುದುಕ. ಆಗಲಿ ಎಂದಳು.

ಅವನು ಚರ್ಮವನ್ನು ಮೇಜಿನ ಮೇಲೆ ಹರಡಿ, ಕತ್ತಿನ ಹತ್ತಿರ ಕೈ ನಿಲ್ಲಿಸಿದ.

"ಯಾರು ಕೊಯ್ದಿದ್ದು ಇದನ್ನ?"

ಹಿಂದೆ ಇನ್ನಿಬ್ಬರು ಬೇಟೆಗಾರರು ಕಾಯುತ್ತಿದ್ದರು. ಇಬ್ಬರೂ ಕತ್ತು ಚಾಚಿದರು.

"ಇವ್ಳು," ಎಂದೆ ನಾನು. "ಮೊದಲ್ನೇ ಸಲ ನೋಡಿ. ಹೇಳಿದ್ರೆ ಕೇಳ್ತಾಳಾ?"

ಲವಾನ್ ನನ್ನ ಕಡೆ ಒಂದೇ ಸಲ ತಿರುಗಿದಳು. ಆಮೇಲೆ, "ಹೌದು, ನಾನೇ" ಎಂದಳು.

ಮುದುಕ ಸಿಟ್ಟಾಗಲಿಲ್ಲ. ಚಿಕ್ಕ ಮಕ್ಕಳಿಗೆ ಹೇಳುವಂತೆ ಅವಳಿಗೆ ಬೆರಳಿಟ್ಟು ತೋರಿಸಿದ. "ಕತ್ತಿಗೆ ಚಾಕು ತಾಗಿಸ್ಲೇಬಾರ್ದು. ಭುಜದ ಹಿಂದೆ ಸುತ್ತ ಕೊಯ್ದು ಬಿಡಿಸ್ಕೋಬೇಕು. ಗೊತ್ತಾಯ್ತಾ?" ಅವಳು ತಲೆಯಾಡಿಸಿದಳು. ನಾನೂ ಆಡಿಸಿದೆ, ಎಲ್ಲ ಬಲ್ಲವನ ಹಾಗೆ.

"ನನ್ನ ಹತ್ರ ಬೇರೆ ಜಿಂಕೆ ಚರ್ಮ ಇದೆ. ಅದಕ್ಕೆ ನಿಮ್ಮ ಕೊಂಬು ಕೂರಿಸ್ಲಾ? ಯಾರಿಗೂ ಗೊತ್ತಾಗಲ್ಲ."

"ಅದೇ ಮಾಡಿ!" ಎಂದೆ ನಾನು.

"ಬೇಡ," ಎಂದಳು ಲವಾನ್. "ನಾನು ಹೊಡ್ದಿದ್ದು ಇದನ್ನ. ಇದನ್ನೇ ಹೊಲೀರಿ."

"ಅಲ್ಲಿ ಕೂದ್ಲು ಬಿಳಿ, ಗಿಡ್ಡ. ಹೊಲಿಗೆ ಕಾಣುತ್ತೆ."

"ಕಾಣ್ಲಿ."

ಟ್ರಕ್ಕಿನಲ್ಲಿ ನಾನು ಬಾಯಿ ತೆರೆದೆ. "ಹೀಟರ್ ಹಾಕು" ಎಂದಳು. ಹಾಕಿದೆ.

ಮುಂದಿನ ನವೆಂಬರ್‌ಗೆ ತಲೆ ನಮ್ಮ ಬೇಟೆ ಗುಡಿಸಲಿನ ಗೋಡೆ ಏರಿತು. ಎಷ್ಟು ಚಂದ ಮಾಡಿದ್ದ ಮುದುಕ! ಕತ್ತಿನ ಕೆಳಗೆ ಮಾತ್ರ ಒಂದು ಗೆರೆ. ಡೆಲ್ಬರ್ಟ್ ಬಾಗಿಲು ದಾಟುತ್ತಲೇ ಕಂಡುಹಿಡಿದ.

"ಅಯ್ಯೋ! ಯಾವ ಕಟುಕನಪ್ಪಾ ಇದನ್ನ ಕೊಯ್ದಿದ್ದು?"

ಗುಡಿಸಲಿನಲ್ಲಿ ಸೇರಿದ್ದ ಬೇಟೆ ಗೆಳೆಯರೆಲ್ಲ ನಕ್ಕರು. ಲವಾನ್ ನಗಲಿಲ್ಲ. ನನ್ನ ಕಡೆ ನೋಡದೆ, ಕಾದಳು. ನನ್ನ ಬಾಯಲ್ಲಿ ಬಿಯರ್ ಇತ್ತು. ಒಂದು ಗುಟುಕು ನುಂಗಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನಾನೇ" ಎಂದಳು.

ನಮ್ಮ ಗುಡಿಸಲಿನಲ್ಲಿ ಗುರಿ ತಪ್ಪಿದವರ, ಕೆಲಸ ಕೆಡಿಸಿದವರ ಅಂಗಿಯ ಹಿಂದಿನ ತುದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತೇವೆ. ಡೆಲ್ಬರ್ಟ್ ಕತ್ತರಿ ತಂದ. "ತಿರುಗು ಲವಾನ್, ಕಾನೂನು ಕಾನೂನೇ!" ಅವಳು ಬೇಟೆಗೆಂದೇ ಕೊಂಡಿದ್ದ ಕೆಂಪು ಚೌಕಳಿ ಅಂಗಿ. ತಿರುಗಿ ನಿಂತಳು.

ಚಿಂದಿಯನ್ನು ಜಿಂಕೆಯ ಕೆಳಗೇ ಹೊಡೆಯಬೇಕೆಂದರು. ಡೆಲ್ಬರ್ಟ್ ಸುತ್ತಿಗೆ ಎತ್ತಿದ. ಮೊಳೆ ಹಿಡಿದವನು ನಾನು. ಮೊಳೆ ಓರೆಯಾಯಿತು.

"ನೆಟ್ಟಗೆ ಹಿಡಿ ಆರ್ಡನ್," ಎಂದಳು ಲವಾನ್, "ಬೆರಳು ಜೋಪಾನ."